ಕ್ಯಾಚ್ ಮತ್ತು ಹಿಡಿ: ಯಾರು ಯಾರನ್ನು ಹಿಡಿದರು?

ಇಂಗ್ಲಿಷಿನ ‘ಕ್ಯಾಚ್’ ಕ್ರಿಯಾಪದದ ಬಗ್ಗೆ ಮುಂಬಯಿ, ಠಾಣೆ, ನವಿ ಮುಂಬಯಿಯ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ ಕೊಡುತ್ತಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಆರನೇ ತರಗತಿಯ ಮಗ ಲೋಕಲ್ ರೈಲಿನ ಪ್ರಯಾಣದ ಪ್ರಬಂಧದಲ್ಲಿ ‘ಐ ಕಾಟ್ ದಿ ಹ್ಯಾಂಡಲ್ ಟಿಲ್ ದಾದರ್’ ಎಂದು ಬರೆದಿದ್ದ. ಟೀಚರ್ ‘ಕಾಟ್’ ಹೊಡೆದು ‘ಹೆಲ್ಡ್’ ಎಂದು ತಿದ್ದಿದ್ದಾರೆ. ಮನೆಯಲ್ಲಿ ನಾವು ‘ಹ್ಯಾಂಡಲ್ ಹಿಡಿ’ ಎಂದೇ ಹೇಳುವುದು. ತಪ್ಪು ಎಲ್ಲಿದೆ?
– ಓದುಗರು, ಡೊಂಬಿವಲಿ

ಟೀಚರ್ ತಿದ್ದಿದ್ದು ಸರಿ. ಆದರೆ ನಿಮ್ಮ ಮಗ ಯಾಕೆ ಹಾಗೆ ಬರೆದ ಎಂಬುದನ್ನು ಅವನಿಗೆ ವಿವರಿಸಿ ಹೇಳಬೇಕು. ಇಲ್ಲದಿದ್ದರೆ ಮುಂದಿನ ಪ್ರಬಂಧದಲ್ಲೂ ಇದೇ ತಪ್ಪು ಬರುತ್ತದೆ. ಕನ್ನಡದ ‘ಹಿಡಿ’ ಎರಡು ಕೆಲಸ ಮಾಡುತ್ತದೆ. ಗಾಳಿಯಲ್ಲಿ ಬಂದದ್ದನ್ನು, ಓಡುವುದನ್ನು, ತಪ್ಪಿಹೋಗಬಹುದಾದದ್ದನ್ನು ಗಬಕ್ಕನೆ ಕೈಗೆ ತಂದುಕೊಳ್ಳುವುದು ಒಂದು. ಕೈಗೆ ಬಂದದ್ದನ್ನು ಬಿಡದೆ ಇಟ್ಟುಕೊಳ್ಳುವುದು ಇನ್ನೊಂದು. ಇಂಗ್ಲಿಷಿನಲ್ಲಿ ಮೊದಲನೆಯದು ಮಾತ್ರ ‘ಕ್ಯಾಚ್’, ಎರಡನೆಯದು ‘ಹೋಲ್ಡ್’.

ಪರೀಕ್ಷಿಸುವುದು ಸುಲಭ. ‘ಎಷ್ಟು ಹೊತ್ತು?’ ಎಂದು ಕೇಳಿ. ಉತ್ತರ ಬರುವಂತಿದ್ದರೆ ‘ಹೋಲ್ಡ್’. ದಾದರ್ ಬರುವ ತನಕ ಹ್ಯಾಂಡಲ್ ಹಿಡಿದದ್ದು ಮುಕ್ಕಾಲು ಗಂಟೆಯ ಕೆಲಸ, ಅಲ್ಲಿ ‘ಕ್ಯಾಚ್’ ನಿಲ್ಲುವುದಿಲ್ಲ. ಗಾಡಿ ಜರ್ಕ್ ಹೊಡೆದಾಗ ಬೀಳದಂತೆ ಹ್ಯಾಂಡಲಿಗೆ ಕೈ ಹಾಕಿದ್ದು ಒಂದು ಕ್ಷಣದ ಮಾತು. ಅದಕ್ಕೆ ‘ಕಾಟ್ ಹೋಲ್ಡ್ ಆಫ್ ದಿ ಹ್ಯಾಂಡಲ್’ ಎನ್ನಬಹುದು. ಕನ್ನಡದಲ್ಲೇ ಒಂದು ಸುಳಿವು ಇದೆ: ವಾಕ್ಯದಲ್ಲಿ ‘ಹಿಡಿದುಕೊಂಡು ನಿಂತೆ’, ‘ಹಿಡಿದುಕೊಂಡಿದ್ದೆ’ ಎಂದು ಬಂದರೆ ಕಣ್ಣು ಮುಚ್ಚಿ ‘ಹೋಲ್ಡ್’ ಹಾಕಿ.

ಮಗನಿಗೆ ಒಂದು ಕೊಡೆಯಿಂದ ತೋರಿಸಿ. ಕೊಡೆಯನ್ನು ಅವನ ಕೈಗೆ ಕೊಡುತ್ತಾ ‘ಹಿಡಿ’ ಎಂದರೆ ‘ಹೋಲ್ಡ್ ದಿಸ್’. ಅದೇ ಕೊಡೆಯನ್ನು ಕೋಣೆಯ ಆಚೆ ಬದಿಯಿಂದ ಎಸೆಯುತ್ತಾ ‘ಹಿಡಿ’ ಎಂದರೆ ‘ಕ್ಯಾಚ್’. ಬಾಯಿಂದ ಬಂದ ಮಾತು ಒಂದೇ, ನಡುವೆ ಗಾಳಿ ಇದೆಯೋ ಇಲ್ಲವೋ ಎಂಬುದರಲ್ಲಿ ಇಂಗ್ಲಿಷ್ ಬೇರೆಯಾಗುತ್ತದೆ.

ನಮ್ಮ ‘ಹಿಡಿ’ ಬರುವ ಇನ್ನಷ್ಟು ಮಾತುಗಳಿಗೂ ‘ಕ್ಯಾಚ್’ ಹೊಂದುವುದಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯಿತು ಎಂಬಲ್ಲಿ ‘ರಸ್ಟೆಡ್’ ಒಂದೇ ಸಾಕು. ಎರಡು ಗಂಟೆ ಹಿಡಿಯುತ್ತದೆ ಎಂದರೆ ‘ಟೇಕ್ಸ್’. ಡಬ್ಬದಲ್ಲಿ ಐದು ಕಿಲೋ ಅಕ್ಕಿ ಹಿಡಿಯುತ್ತದೆ ಎಂದರೆ ಮತ್ತೆ ‘ಹೋಲ್ಡ್ಸ್’. ಹಠ ಹಿಡಿದ ಮಗುವಿಗೆ ‘ಇನ್ಸಿಸ್ಟೆಡ್’ ಎನ್ನಿ. ಇವುಗಳಲ್ಲಿ ಒಂದಕ್ಕೂ ‘ಕ್ಯಾಚ್’ ಹಾಕಲು ಹೋಗಬೇಡಿ.

8:12ರ ಲೋಕಲ್ ಸಿಕ್ಕಾಗ ‘8:12 ಹಿಡಿದೆ’ ಎನ್ನುವುದಕ್ಕೆ ಕ್ಯಾಚ್, ಟೇಕ್ ಎರಡೂ ಸರಿಯೇ?
– ಓದುಗರು, ಘಾಟ್ಕೋಪರ್

ಎರಡೂ ಸರಿ, ಅರ್ಥ ಬೇರೆ. ‘ಐ ಟೇಕ್ ದಿ 8:12’ ಎಂದರೆ ನಾನು ದಿನವೂ ಹೋಗುವುದು ಆ ಗಾಡಿಯಲ್ಲಿ ಎಂಬಷ್ಟೇ. ‘ಐ ಕಾಟ್ ದಿ 8:12’ ಎಂದರೆ ಆ ಗಾಡಿ ತಪ್ಪಿಹೋಗದೆ ಸಿಕ್ಕಿತು ಎಂದು. ಮುಂಬಯಿಯ ಕನ್ನಡದಲ್ಲಿ ಈ ಎರಡನೆಯದಕ್ಕೆ ಒಳ್ಳೆಯ ಮಾತೇ ಇದೆ: ‘8:12 ಸಿಕ್ಕಿತಾ?’ ಮರಾಠಿಯವರ ‘ಗಾಡಿ ಮಿಳಾಲಿ ಕಾ?’ ಎಂಬುದೂ ಇದೇ. ಸಿಕ್ಕಿತಾ ಎಂದು ಕೇಳುವ ಜಾಗದಲ್ಲಿ ಕಣ್ಣುಮುಚ್ಚಿ ‘ಕ್ಯಾಚ್’ ಬಳಸಿ. ಅದರ ವಿರುದ್ಧ ಪದ ‘ಮಿಸ್’.

ಒಂದು ಎಚ್ಚರಿಕೆ. ‘ಕ್ಯಾಚ್ ಎ ಟ್ರೈನ್’ ಎಂದರೆ ಓಡುವ ಗಾಡಿಗೆ ಹಾರಿ ಹತ್ತುವುದಲ್ಲ. ನಿಂತ ಗಾಡಿಗೆ ಐದು ನಿಮಿಷ ಮೊದಲೇ ಬಂದು ಆರಾಮವಾಗಿ ಹತ್ತಿದರೂ ಅದು ‘ಕ್ಯಾಚ್’. ಚಲಿಸುವ ಗಾಡಿ ಹತ್ತಿದ್ದನ್ನೇ ಹೇಳಬೇಕಾದರೆ ‘ಬೋರ್ಡೆಡ್ ಎ ಮೂವಿಂಗ್ ಟ್ರೈನ್’ ಎಂದು ಬಿಡಿಸಿ ಬರೆಯಿರಿ.

‘ನನಗೆ ಶೀತ ಹಿಡಿಯಿತು’ ಎಂದರೆ ಶೀತವೇ ನನ್ನನ್ನು ಹಿಡಿದದ್ದಲ್ಲವೆ? ಇಂಗ್ಲಿಷಿನಲ್ಲಿ ‘ಐ ಕಾಟ್ ಎ ಕೋಲ್ಡ್’ ಎಂದು ತಿರುಗಾಮುರುಗಾ ಯಾಕೆ? ರಜೆಯ ಅರ್ಜಿಯಲ್ಲಿ ಏನು ಬರೆಯಬೇಕು?
– ಓದುಗರು, ಠಾಣೆ

ಇದು ತುಂಬ ಒಳ್ಳೆಯ ಪ್ರಶ್ನೆ. ಎರಡು ಭಾಷೆಗಳ ಮುಖ್ಯ ವ್ಯತ್ಯಾಸ ಇರುವುದೇ ಇಲ್ಲಿ. ಕನ್ನಡದಲ್ಲಿ ರೋಗ ಬರುವುದು, ತಗಲುವುದು, ಹಿಡಿಯುವುದು. ಮನುಷ್ಯ ‘ನನಗೆ’ ಎಂದು ಚತುರ್ಥಿಯಲ್ಲಿ ಕೂತಿರುತ್ತಾನೆ. ಮರಾಠಿಯಲ್ಲೂ ‘ಮಲಾ ಸರ್ದಿ ಝಾಲಿ’. ಇಂಗ್ಲಿಷಿನಲ್ಲಿ ಮಾತ್ರ ಮನುಷ್ಯನೇ ಕರ್ತೃ, ರೋಗವೇ ಕರ್ಮ. ತಾನು ಬೇಕೆಂದು ಹಿಡಿದ ಎಂಬ ಅರ್ಥ ಅದರಲ್ಲಿಲ್ಲ. ‘ಅವನಿಂದ ನನಗೆ ತಗಲಿತು’ ಎಂಬುದು ಅಲ್ಲಿ ‘ಐ ಕಾಟ್ ಇಟ್ ಫ್ರಮ್ ಹಿಮ್’ ಆಗುತ್ತದೆ. ಹಾಗಾಗಿ ‘ಕೋಲ್ಡ್ ಕಾಟ್ ಮಿ’ ಎಂದು ಎಂದೂ ಬರೆಯಬೇಡಿ.

ಈ ಅರ್ಥದ ‘ಕ್ಯಾಚ್’ ಬರುವುದು ಹೊರಗಿನಿಂದ ತಗಲುವ ರೋಗಗಳಿಗೆ ಮಾತ್ರ: ಶೀತ, ಫ್ಲೂ, ಸಿಡುಬು, ಮಳೆಗಾಲದ ಮಲೇರಿಯಾ, ಡೆಂಗಿ. ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ಇವಕ್ಕೆ ‘ಕಾಟ್’ ಹಾಕಿದರೆ ಓದಿದವರು ಅಂಟುರೋಗ ಎಂದುಕೊಳ್ಳುತ್ತಾರೆ. ಕಾಯಿಲೆಯವರಿಗೆ ಅದರಿಂದ ನೋವಾಗುತ್ತದೆ, ದಯವಿಟ್ಟು ಗಮನಿಸಿ. ಅಲ್ಲಿ ‘ಹ್ಯಾಸ್’ ಅಥವಾ ‘ವಾಸ್ ಡಯಗ್ನೋಸ್ಡ್ ವಿತ್’ ಬರೆಯಿರಿ. ಜ್ವರ ರೋಗವಲ್ಲ, ರೋಗದ ಲಕ್ಷಣ. ಆದ್ದರಿಂದ ಅದಕ್ಕೆ ‘ಐ ಹ್ಯಾವ್ ಎ ಫೀವರ್’. ಅರ್ಜಿಯಲ್ಲಿ ‘ಐ ಹ್ಯಾವ್ ಕಾಟ್ ಎ ಕೋಲ್ಡ್’ ಎಂದು ‘ಎ’ ಸೇರಿಸಿ. ಮಲೇರಿಯಾ, ಡೆಂಗಿಗೆ ‘ಎ’ ಬೇಡ.

ನಮ್ಮ ಹೌಸಿಂಗ್ ಸೊಸೈಟಿಯ ಮೀಟರ್ ರೂಮಿನಲ್ಲಿ ಬೆಂಕಿ ಹತ್ತಿತ್ತು. ವಿಮೆಯವರಿಗೆ ಬರೆಯುವಾಗ ‘ಕಾಟ್ ಫೈರ್’, ‘ಸೆಟ್ ಆನ್ ಫೈರ್’ ಯಾವುದು ಸರಿ?
– ಸೊಸೈಟಿಯ ಕಾರ್ಯದರ್ಶಿ, ವಾಶಿ

‘ಕಾಟ್ ಫೈರ್’. ಇನ್ನೊಂದನ್ನು ಬರೆದರೆ ಯಾರೋ ಬೇಕೆಂದೇ ಹಚ್ಚಿದರು ಎಂಬ ಆರೋಪವಾಗುತ್ತದೆ. ಕನ್ನಡದ ಹತ್ತು, ಹಚ್ಚು ಎಂಬ ಜೋಡಿ ಇಲ್ಲಿ ನಿಮಗೆ ದಾರಿ ತೋರಿಸುತ್ತದೆ: ಬೆಂಕಿ ಹತ್ತಿತು ಎಂದರೆ ‘ಕಾಟ್ ಫೈರ್’, ಬೆಂಕಿ ಹಚ್ಚಿದರು ಎಂದರೆ ‘ಸೆಟ್ ಆನ್ ಫೈರ್’. ಎರಡು ಸಣ್ಣ ತಪ್ಪುಗಳು ಪದೇಪದೇ ಕಾಣುತ್ತವೆ. ‘ವಾಸ್ ಕಾಟ್ ಫೈರ್’ ಎಂದು ‘ವಾಸ್’ ಸೇರಿಸುವುದು ಒಂದು, ‘ಕಾಟ್ ದಿ ಫೈರ್’ ಎನ್ನುವುದು ಇನ್ನೊಂದು. ಎರಡೂ ಬೇಡ. ‘ದಿ ಮೀಟರ್ ಬೋರ್ಡ್ ಕಾಟ್ ಫೈರ್ ಅಟ್ ಅಬೌಟ್ 4 ಎಎಂ’ ಎಂದು ವಸ್ತು, ಹೊತ್ತು ಎರಡನ್ನೂ ಬರೆಯಿರಿ. ಹೊಗೆ ಮೊದಲು ಎಲ್ಲಿ ಕಂಡಿತು ಎಂಬುದನ್ನು ಮುಂದಿನ ವಾಕ್ಯದಲ್ಲಿ ಹೇಳಿ. ಅಗ್ನಿಶಾಮಕ ದಳದ ವರದಿ ಕೈಗೆ ಬರುವವರೆಗೆ ‘ಡ್ಯೂ ಟು ಶಾರ್ಟ್ ಸರ್ಕ್ಯೂಟ್’ ಎಂದು ನೀವಾಗಿ ಕಾರಣ ಸೇರಿಸಬೇಡಿ. ‘ಕಾಟ್ ಫೈರ್’ ಕಾರಣವನ್ನೂ ಹೇಳುವುದಿಲ್ಲ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಆ ಹಂತದಲ್ಲಿ ನಿಮಗೆ ಬೇಕಾದದ್ದು ಅದೇ.

‘ಕ್ಯಾಚ್ ಹಿಡಿದ’ ಎಂಬುದರಲ್ಲಿ ಒಂದೇ ಅರ್ಥ ಎರಡು ಸಲ ಬಂದಂತಾಗಲಿಲ್ಲವೆ?
– ಓದುಗರು, ದಾದರ್

ಇಲ್ಲ. ಅಲ್ಲಿ ‘ಕ್ಯಾಚ್’ ನಾಮಪದ. ಇಂಗ್ಲಿಷಿನವರೂ ‘ಕಾಟ್ ಎ ಕ್ಯಾಚ್’ ಎನ್ನುವುದಿಲ್ಲ, ‘ಟುಕ್ ಎ ಕ್ಯಾಚ್’ ಎನ್ನುತ್ತಾರೆ. ಬಿಟ್ಟರೆ ‘ಡ್ರಾಪ್ಡ್’. ಅದಕ್ಕೆ ನಮ್ಮ ಕ್ರೀಡಾ ಪುಟಗಳ ‘ಕೈಚೆಲ್ಲಿದ’ ಸೊಗಸಾದ ಮಾತು. ಶಿವಾಜಿ ಪಾರ್ಕಿನಲ್ಲಿ ಆಡುವ ಮಕ್ಕಳಿಗೆ ಉಪಯೋಗವಾಗುವ ಒಂದು ವಿವರ ಇಲ್ಲಿದೆ. ಕ್ರಿಕೆಟ್ ನಿಯಮಗಳನ್ನು ರೂಪಿಸುವ ಲಂಡನ್ನಿನ ಕ್ಲಬ್ ಎಂಸಿಸಿಯ 2017ರ ನಿಯಮಾವಳಿಯಲ್ಲಿ ‘ಕಾಟ್’ 33ನೇ ನಿಯಮ. ಚೆಂಡು ಫೀಲ್ಡರನ ಮೈಗೆ ತಾಗಿದಾಗ ಕ್ಯಾಚ್ ಶುರುವಾಗುತ್ತದೆ. ಚೆಂಡಿನ ಮೇಲೂ ತನ್ನ ಚಲನೆಯ ಮೇಲೂ ಅವನಿಗೆ ಪೂರ್ತಿ ಹತೋಟಿ ಬಂದಾಗಲೇ ಅದು ಮುಗಿಯುತ್ತದೆ. ಮೊದಲನೇ ಪ್ರಶ್ನೆಯಲ್ಲಿ ಕ್ಯಾಚ್ ಒಂದು ಕ್ಷಣದ ಕೆಲಸ ಎಂದೆವು. ಆಟದ ನಿಯಮದಲ್ಲಿ ಮಾತ್ರ ಆ ಕ್ಷಣದ ಕೊನೆಗೆ ಹೋಲ್ಡ್ ಕೂಡ ಸೇರಬೇಕು.

ಫೋನಿನಲ್ಲಿ ‘ಐ ಡಿಡ್‌ನಾಟ್ ಕ್ಯಾಚ್ ಯು’ ಎಂದೆ, ಆಚೆಯವರು ನಕ್ಕರು. ಏನು ಹೇಳಬೇಕಿತ್ತು?
– ಓದುಗರು, ಅಂಧೇರಿ

‘ಐ ಡಿಡ್‌ನಾಟ್ ಕ್ಯಾಚ್ ದಟ್’, ಅಥವಾ ‘ಕ್ಯಾಚ್ ಯುವರ್ ನೇಮ್’. ಹಿಡಿಯಬೇಕಾದದ್ದು ಮಾತನ್ನು, ಮನುಷ್ಯನನ್ನಲ್ಲ. ಸರಿಯಾಗಿ ಕೇಳಿಸಲಿಲ್ಲ ಎಂದು ಇದರ ಅರ್ಥ. ಅರ್ಥವಾಗಲಿಲ್ಲ ಎಂದು ಹೇಳಬೇಕಾದರೆ ‘ಫಾಲೋ’ ಬಳಸಿ. ‘ಕ್ಯಾಚ್ ಅಪ್’ ಬೇರೆಯೇ: ಹಿಂದೆ ಬಿದ್ದವನು ಸಮ ಬರುವುದು. ಬಾಕಿ ಉಳಿದ ಕೆಲಸ ಮುಗಿಸುವುದಕ್ಕೂ, ಬಹಳ ದಿನದ ಮೇಲೆ ಕೂತು ಮಾತಾಡುವುದಕ್ಕೂ ಅದೇ ಮಾತು ನಡೆಯುತ್ತದೆ.

ಮಳೆಗಾಲದಲ್ಲಿ ಪತ್ರಿಕೆಗಳು ಬರೆಯುವ ‘ಕ್ಯಾಚ್‌ಮೆಂಟ್ ಏರಿಯಾ’ದಲ್ಲಿ ಹಿಡಿಯುವವರು ಯಾರು?
– ಓದುಗರು, ಭಾಂಡುಪ್

ನೆಲ. ಕೆರೆಯ ಸುತ್ತಲಿನ ಇಳಿಜಾರಿನಲ್ಲಿ ಎಲ್ಲಿ ಬಿದ್ದ ಮಳೆ ಕೊನೆಗೆ ಆ ಕೆರೆಗೇ ಹರಿದು ಬರುತ್ತದೋ ಆ ಇಡೀ ಪ್ರದೇಶ ಅದರ ಕ್ಯಾಚ್‌ಮೆಂಟ್. ಕನ್ನಡದಲ್ಲಿ ಜಲಾನಯನ ಪ್ರದೇಶ. ಮುಂಬಯಿಗೆ ನೀರು ಕೊಡುವ ಏಳು ಕೆರೆಗಳಲ್ಲಿ ವಿಹಾರ್, ತುಳಸಿ ಎರಡೇ ಊರೊಳಗಿನವು. ತಾನ್ಸಾ, ಮೋಡಕ್ ಸಾಗರ್, ಭಾತ್ಸಾ, ಮಧ್ಯ ವೈತರಣಾ, ಮೇಲಿನ ವೈತರಣಾ ದೂರದವು. ಊರೊಳಗಿನ ತಗ್ಗು ಜಾಗ ಹಿಂದ್‌ಮಾತಾದಲ್ಲಿ ಮೊಣಕಾಲು ನೀರು ನಿಂತ ದಿನವೂ ‘ಕ್ಯಾಚ್‌ಮೆಂಟಿನಲ್ಲಿ ಮಳೆಯಿಲ್ಲ, ನೀರು ಕಡಿತ’ ಎಂಬ ಸುದ್ದಿ ಬರಬಹುದಾದದ್ದು ಇದರಿಂದಲೇ.

‘ಇದರಲ್ಲಿ ಏನೋ ಕ್ಯಾಚ್ ಇದೆ’ ಎಂಬುದಕ್ಕೆ ಕನ್ನಡ ಪದ ಇದೆಯೆ? ‘ಕ್ಯಾಚ್ಡ್’ ಎಂದಾಗದೆ ‘ಕಾಟ್’ ಎಂದು ಯಾಕಾಯಿತು?
– ಓದುಗರು, ಮಾಟುಂಗಾ

ಕೊಕ್ಕೆ. ‘ಆಫರಿನಲ್ಲಿ ಏನೋ ಕೊಕ್ಕೆ ಇದೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹೊರಗೆ ಕಾಣದೆ ಒಳಗೆ ಸಿಕ್ಕಿಸಿಕೊಳ್ಳುವ ಗುಣ ಎರಡು ಪದಗಳಲ್ಲೂ ಇದೆ. ಕಪಾಟಿನ ಬಾಗಿಲನ್ನು ಮುಚ್ಚಿಹಿಡಿಯುವ ಸಣ್ಣ ಚಿಲಕಕ್ಕೂ ಇಂಗ್ಲಿಷಿನಲ್ಲಿ ‘ಕ್ಯಾಚ್’ ಎಂದೇ ಹೆಸರು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅದು ‘ಮ್ಯಾಗ್ನೆಟ್ ಕ್ಯಾಚರ್’ ಆಗಿದೆ.

ಎರಡನೆಯ ಪ್ರಶ್ನೆಗೆ ಸ್ವಲ್ಪ ಚರಿತ್ರೆ ಬೇಕು. ‘ಕ್ಯಾಚ್’ ಮೂಲತಃ ಇಂಗ್ಲಿಷ್ ಪದವಲ್ಲ. ಲ್ಯಾಟಿನಿನಿಂದ ನಾರ್ಮನ್ನರ ಫ್ರೆಂಚಿನ ಮೂಲಕ ಬಂದದ್ದು. ಅದೇ ಲ್ಯಾಟಿನ್ ಪದ ಮಧ್ಯ ಫ್ರಾನ್ಸಿನ ನುಡಿಯ ಮೂಲಕ ಇನ್ನೊಮ್ಮೆ ಬಂದು ‘ಚೇಸ್’ ಆಯಿತು. ಬೆನ್ನಟ್ಟುವುದು, ಹಿಡಿಯುವುದು ಎರಡೂ ಅಕ್ಕತಂಗಿಯರು. ಮೊದಮೊದಲು ‘ಕ್ಯಾಚ್’ಗೂ ಬೆನ್ನಟ್ಟು ಎಂಬ ಅರ್ಥವಿತ್ತು. ಹಿಡಿ ಎಂಬರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದ ಒಂದಿತ್ತು, ಇಂದಿನ ‘ಲ್ಯಾಚ್’ ಅದೇ. ಅದರ ಭೂತಕಾಲದ ಹಳೆಯ ರೂಪ ‘ಲಾಟ್’ ಎಂಬ ಬಗೆಯದು. ಅರ್ಥವೂ ಪ್ರಾಸವೂ ಒಂದೇ ಆದ್ದರಿಂದ ಹೊಸ ಪದ ಹಳೆಯದರ ಅಚ್ಚಿನಲ್ಲೇ ‘ಕಾಟ್’ ಎಂದು ಬಿತ್ತು. ಹಳೆಯದರ ಭೂತಕಾಲ ಆಮೇಲೆ ಮರೆತುಹೋಯಿತು, ಸಾಲ ಪಡೆದದ್ದು ಉಳಿಯಿತು. ಉಚ್ಚಾರದಲ್ಲಿ ‘ಆ’ವನ್ನು ತುಟಿ ದುಂಡಗೆ ಮಾಡಿ ಎಳೆಯಬೇಕು. ಗಿಡ್ಡವಾದರೆ ಮಂಚ ಎಂಬರ್ಥದ ‘ಕಾಟ್’ ಆಗಿಬಿಡುತ್ತದೆ.

ಎಸ್ಕಲೇಟರಿಗೆ ದುಪಟ್ಟಾ ಸಿಕ್ಕಿಕೊಂಡಿತು, ಮಳೆಗೆ ಸಿಕ್ಕಿಬಿದ್ದೆ, ಕಳ್ಳ ಸಿಕ್ಕಿಬಿದ್ದ: ಮೂರಕ್ಕೂ ‘ಕಾಟ್’ ನಡೆಯುತ್ತದೆಯೆ?
– ಓದುಗರು, ಗೋರೆಗಾಂವ್

ಮೂರಕ್ಕೂ ನಡೆಯುತ್ತದೆ. ‘ಗಾಟ್ ಕಾಟ್ ಇನ್ ದಿ ಎಸ್ಕಲೇಟರ್’, ‘ಕಾಟ್ ಇನ್ ದಿ ರೈನ್’, ‘ವಾಸ್ ಕಾಟ್’. ಕನ್ನಡದಲ್ಲಿ ‘ಹಿಡಿ’ ಕೈ ಬಿಟ್ಟು ‘ಸಿಕ್ಕಿಕೊಳ್ಳು’, ‘ಸಿಕ್ಕಿಬೀಳು’ ಬರುವ ಕಡೆ ಇಂಗ್ಲಿಷಿನಲ್ಲಿ ಕರ್ಮಣಿಯ ‘ಕಾಟ್’ ಬರುತ್ತದೆ. ಅದರ ಹಿಂದೆ ‘ವಾಸ್’ ಅಥವಾ ‘ಗಾಟ್’ ಇರಲೇಬೇಕು. ‘ಐ ಕಾಟ್ ಇನ್ ದಿ ರೈನ್’ ತಪ್ಪು.

ಇಂಗ್ಲಿಷ್ ಅಡುಗೆ ಪುಸ್ತಕವೊಂದರ ಖೀರಿನ ವಿಧಾನದಲ್ಲಿ ‘ಸ್ಟರ್, ಆರ್ ಇಟ್ ವಿಲ್ ಕ್ಯಾಚ್’ ಎಂದಿದೆ. ಏನನ್ನು ಕ್ಯಾಚ್ ಮಾಡುತ್ತದೆ?
– ಓದುಗರು, ಮುಲುಂಡ್

ತಳವನ್ನು! ‘ಹಾಲು ತಳ ಹಿಡಿಯಿತು’ ಎಂದು ನಾವು ಹೇಳುವುದನ್ನೇ ಬ್ರಿಟಿಷ್ ಅಡುಗೆಮನೆಯಲ್ಲಿ ‘ದಿ ಮಿಲ್ಕ್ ಹ್ಯಾಸ್ ಕಾಟ್’ ಎನ್ನುತ್ತಾರೆ. ಕನ್ನಡದ ‘ಹಿಡಿ’ ಮತ್ತು ಇಂಗ್ಲಿಷಿನ ‘ಕ್ಯಾಚ್’ ಎಲ್ಲೂ ತಿರುಚದೆ ಒಂದಕ್ಕೊಂದು ಹೊಂದುವುದು ಇಂಥ ಅಪರೂಪದ ಜಾಗಗಳಲ್ಲಿ. ಹಾಲಿನ ಪ್ರೋಟೀನು ಬಿಸಿ ತಳದಲ್ಲಿ ಕೂತು ಅಂಟಿ ಕರಕಲಾಗುತ್ತದೆ, ಸಕ್ಕರೆ ಮೊದಲೇ ಬಿದ್ದಿದ್ದರೆ ಇನ್ನೂ ಬೇಗ. ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ, ಹಾಲು ಹಾಕುವ ಮುಂಚೆ ಒಳಗೆ ನೀರು ತೋರಿಸಿ ಬಗ್ಗಿಸಿ. ಉರಿ ಸಣ್ಣದಿರಲಿ, ಸೌಟು ತಳ ಮುಟ್ಟಿ ಆಡಲಿ, ಅಕ್ಕಿ ಬೆಂದ ಮೇಲೆ ಸಕ್ಕರೆ ಹಾಕಿ. ತಳ ಹಿಡಿದ ವಾಸನೆ ಬಂದೊಡನೆ ಉರಿ ಆರಿಸಿ, ಕೆರೆಯಲು ಹೋಗದೆ ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ.