ಮಂಡ್ಯದ ಸಂಜೆ ಪಾಠಶಾಲೆಗೆ ಹಳೆ ದಾನಿಗಳು ಉತ್ತರಿಸದಿದ್ದರೆ

ವಾಟ್ಸಾಪ್‌ನಲ್ಲಿ ನಿಮ್ಮ ಸಂಜೆ ಪಾಠಶಾಲೆಗೆ ಸಹಾಯ ಕೇಳಿದರೂ ಹಳೆ ದಾನಿಗಳು ಉತ್ತರಿಸುತ್ತಿಲ್ಲ ಅಂದಿರಲ್ಲ, ಬಹುಶಃ ಕಾರಣ ಇದು: ನೀವು ಕೇಳಿರುವುದು ದುಡ್ಡು ಮಾತ್ರ. ಅವರು ಹಿಂದೆ ಯಾಕೆ ಕೊಟ್ಟರು ಅಂತ ಯಾರೂ ವಿಚಾರಿಸಿಲ್ಲ.

ಮೊದಲು, ಹೋದ ವರ್ಷ ಕೊಟ್ಟು ಈ ವರ್ಷ ಸುಮ್ಮನಾದ ನಾಲ್ಕೈದು ಜನಕ್ಕೆ ಫೋನ್ ಮಾಡಿ. ‘ಆಗ ನಮಗೇ ಕೊಡಬೇಕು ಅಂತ ಯಾಕೆ ಅನ್ನಿಸಿತು ಸಾರ್?’ ಅಂತ ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ಆಗ ದುಡ್ಡಿನ ಮಾತು ಬೇಡವೇ ಬೇಡ. ಅವರು ಹೇಳಿದ್ದನ್ನು ಹಾಗೇ ಬರೆದಿಟ್ಟುಕೊಳ್ಳಿ.

ಆಮೇಲೆ ಪಾಠ ಹೇಳುವವರನ್ನು ಕೆದಕಿ. ಕಬ್ಬು ಕಡಿಯುವ ಕಾಲದಲ್ಲಿ ಯಾವ ಮಕ್ಕಳು ಬರುವುದಿಲ್ಲ, ಯಾಕೆ? ದಾನಿಗಳಿಗೆ ಕಳಿಸುವ ಹೊಸ ಮೆಸೇಜಿಗೆ ಅದೊಂದೇ ವಿಷಯ ಸಾಕು. ಹಾರ ಹಾಕಿಸಿಕೊಂಡವರ ಗ್ರೂಪ್ ಫೋಟೊ ಯಾರು ನೋಡುತ್ತಾರೆ, ಅಲ್ವಾ?

ಎಲ್ಲರೂ ಮತ್ತೆ ಕೊಡುತ್ತಾರೆ ಅನ್ನಲಾರೆ. ಮೆಸೇಜಿನ ಕೊನೆಯಲ್ಲಿ ಎಷ್ಟು ಬೇಕು, ಯಾವುದಕ್ಕೆ ಅಂತ ಬರೆದು ನಿಮ್ಮ ಟ್ರಸ್ಟ್ ಖಾತೆಯ ಯುಪಿಐ ಕೊಡಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ.