ಅಪಾರ್ಟ್‌ಮೆಂಟ್ ಗಾರ್ಡನ್ ನಿರ್ವಹಣೆಗೆ ಪ್ರಪೋಸಲ್ ಬರೆಯೋದು ಹೇಗೆ? ಚದರಡಿಗೆ ಎಷ್ಟು ಹಾಕಬೇಕು?

ನಿಮ್ಮದು ಸಣ್ಣ ನರ್ಸರಿ, ವೈಟ್‌ಫೀಲ್ಡ್ ಕಡೆಯ 180 ಮನೆಗಳ ಅಪಾರ್ಟ್‌ಮೆಂಟಿನವರು ಇಡೀ ವರ್ಷದ ಗಾರ್ಡನ್ ಕೆಲಸಕ್ಕೆ ಪ್ರಪೋಸಲ್ ಕೇಳಿದ್ದಾರೆ, ಯಾವ ಫಾರ್ಮ್ಯಾಟಲ್ಲಿ ಬರೆಯಬೇಕು, ಚದರಡಿಗೆ ಎಷ್ಟು ಹಾಕಬೇಕು ಅಂತ ಕೇಳಿದ್ದೀರಿ. ಬೆಂಗಳೂರಿನಲ್ಲಿ ನಾನು ಮಾಡೋದು ಇದೇ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ. ಚದರಡಿ ರೇಟಿನ ಯೋಚನೆ ಆಮೇಲೆ. ಈ ಕಾಗದವನ್ನ ಯಾರು ಓದ್ತಾರೆ ಅನ್ನೋದು ಮೊದಲು ತಲೆಯಲ್ಲಿರಲಿ.

ಇವತ್ತು ನಿಮ್ಮನ್ನ ಕರೆಸಿ ಕಾಫಿ ಕೊಟ್ಟು ಮಾತಾಡಿದ ಕಾರ್ಯದರ್ಶಿ ಮುಂದಿನ ವಾರ್ಷಿಕ ಸಭೆ ಆದಮೇಲೂ ಅದೇ ಜಾಗದಲ್ಲಿ ಇರ್ತಾರೆ ಅನ್ನೋ ಖಾತ್ರಿ ಇಲ್ಲ. ಹೊಸ ಸಮಿತಿ ಬಂದ ದಿನ ನಿಮ್ಮ ಪರವಾಗಿ ಮಾತಾಡೋದು ಫೈಲಲ್ಲಿರೋ ಆ ನಾಲ್ಕು ಹಾಳೆ ಮಾತ್ರ. "ತೆಂಗಿನಕಾಯಿ ಕೀಳಿಸೋದೂ ನಿಮ್ಮ ಕೆಲಸ ಅಲ್ವಾ?", "ಸಂಪಿನ ಮೋಟಾರ್ ಕೆಟ್ಟಿದೆ, ನಿಮ್ಮವರು ನೋಡಲ್ವಾ?" ಅಂತ ಕೇಳ್ತಾರೆ. ಅವರ ತಪ್ಪೂ ಅಲ್ಲ, ಬಾಯಿಮಾತಲ್ಲಿ ಆದದ್ದು ಅವರಿಗೆ ಹೇಗೆ ಗೊತ್ತಾಗಬೇಕು? ನಿಮ್ಮನ್ನ ಒಂದು ಸಲವೂ ನೋಡದವರು ಓದಿದರೂ ಏನು ಸಿಗುತ್ತೆ, ಏನು ಸಿಗಲ್ಲ ಅಂತ ಅರ್ಥ ಆಗಬೇಕು. ಹಾಗೆ ಬರೀರಿ. ಕಂಪನಿ ಪರಿಚಯ ಅರ್ಧ ಪುಟ ಸಾಕು.

ಬರೆಯೋಕೆ ಕೂರೋ ಮುಂಚೆ ಟೇಪ್ ಹಿಡಿದು ಇಡೀ ಜಾಗ ಸುತ್ತಿ. "ಒಂದು ಎಕರೆ ಗ್ರೀನರಿ ಇದೆ" ಅಂತ ಅವರು ಹೇಳಿದ್ದನ್ನ ಹಾಗೇ ನಂಬಬೇಡಿ. ಹುಲ್ಲು ಎಷ್ಟು ಚದರಡಿ, ಡುರಾಂಟಾ ಬೇಲಿ ಎಷ್ಟು ಅಡಿ ಉದ್ದ, ಮರ ಎಷ್ಟು, ಕುಂಡ ಎಷ್ಟು, ಎಲ್ಲ ಬೇರೆ ಬೇರೆ ಬರ್ಕೊಳ್ಳಿ. ಬೇಲಿ ಕತ್ತರಿಸೋ ಕೆಲಸ ಇರೋದು ಉದ್ದದಲ್ಲಿ, ಚದರಡಿಯಲ್ಲಿ ಅದರ ಲೆಕ್ಕ ಸಿಗಲ್ಲ. ಪೋಡಿಯಂ ಮೇಲಿನ ತೋಟವನ್ನಂತೂ ಪ್ರತ್ಯೇಕವಾಗಿ ತೋರಿಸಿ. ಕೆಳಗೆ ಪಾರ್ಕಿಂಗ್, ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಅದರ ಮೇಲೆ ತೆಳು ಮಣ್ಣು. ನೆಲದ ತೋಟಕ್ಕಿಂತ ಬೇಗ ಒಣಗುತ್ತೆ, ಮಳೆಗಾಲದಲ್ಲಿ ಡ್ರೈನ್ ಕಟ್ಟಿಕೊಂಡರೆ ಬೇರು ಕೊಳೆಯುತ್ತೆ. ಈಗಾಗಲೇ ಒಣಗಿರೋ ಗಿಡ, ಬೋಳಾದ ಹುಲ್ಲಿನ ತೇಪೆ ಎಲ್ಲದರ ಫೋಟೋ ತಾರೀಖಿನ ಸಮೇತ ಪ್ರಪೋಸಲ್‌ಗೆ ಲಗತ್ತಿಸಿ. ಆರು ತಿಂಗಳಾದ ಮೇಲೆ "ನೀವು ಬಂದಮೇಲೇ ಹಾಳಾಯ್ತು" ಅನ್ನೋ ಮಾತು ಬರದೇ ಇರೋಕೆ ಇರೋ ದಾರಿ ಇದೊಂದೇ.

ಆಮೇಲೆ ಕೆಲಸದ ಪಟ್ಟಿ. "ಹುಲ್ಲು ಕತ್ತರಿಸುವುದು, ಗೊಬ್ಬರ ಹಾಕುವುದು, ಕೀಟ ನಿಯಂತ್ರಣ" ಅಂತ ಎಲ್ಲರೂ ಬರೀತಾರೆ, ಅದರಿಂದ ಯಾರಿಗೂ ಏನೂ ತಿಳಿಯಲ್ಲ. ಹೀಗೆ ಬರೀರಿ: "ಹುಲ್ಲನ್ನು ಒಂದೂವರೆಯಿಂದ ಎರಡೂವರೆ ಇಂಚಿನ ಒಳಗೆ ಇಡಲಾಗುವುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ, ಉಳಿದ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ಕಟಾವು." ಇದನ್ನ ಯಾರು ಬೇಕಾದರೂ ಸ್ಕೇಲ್ ಇಟ್ಟು ನೋಡಬಹುದು. ಜಗಳಕ್ಕೆ ಜಾಗವೇ ಇರಲ್ಲ.

ವರ್ಷದ ಲೆಕ್ಕವನ್ನ ತಿಂಗಳುವಾರು ಕೊಡಿ, ನಿಮಗೆ ಕೆಲಸ ಗೊತ್ತು ಅನ್ನೋದು ಅಲ್ಲೇ ಕಾಣುತ್ತೆ. ಫೆಬ್ರವರಿ, ಮಾರ್ಚಲ್ಲಿ ಹೊಂಗೆ, ಮಳೆಮರ ಎಲೆ ಉದುರಿಸೋ ಕಾಲ. ಆಗ ಗುಡಿಸೋ ಕೆಲಸವೇ ಅರ್ಧ ದಿನ ತಿನ್ನುತ್ತೆ. ಬಿಸಿಲು ಏರಿದ ಹಾಗೆ ದಾಸವಾಳಕ್ಕೆ ಹಿಟ್ಟು ತಿಗಣೆ, ತೆಂಗು ಮತ್ತು ಪಾಮ್ ಗಿಡಗಳಿಗೆ ಬಿಳಿ ನೊಣ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಕಾರಿನ ಮೇಲೆ ಬೀಳೋ ಮುಂಚೆಯೇ ಒಣಕೊಂಬೆಗಳನ್ನ ಗುರುತಿಸಿ ವರದಿ ಕೊಡ್ತೀವಿ ಅಂತ ಬರೀರಿ. ಸತ್ತ ಗಿಡಗಳ ಜಾಗಕ್ಕೆ ಹೊಸದು ನೆಡೋಕೆ ಜೂನ್, ಜುಲೈ ಸರಿಯಾದ ಕಾಲ. ಸೆಪ್ಟೆಂಬರ್, ಅಕ್ಟೋಬರ್ ನಮ್ಮೂರಲ್ಲಿ ಜೋರು ಮಳೆಯ ತಿಂಗಳು. ಡ್ರೈನ್ ಮತ್ತು ಕಳೆಯ ಕೆಲಸ ಆಗ ಹೆಚ್ಚು.

ನೀರಿನ ವಿಷಯಕ್ಕೆ ಒಂದು ಪೂರ್ತಿ ಪುಟ ಮೀಸಲಿಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದ್ರೆ ಒಂದು ಲೀಟರ್. ಮಾರ್ಚ್ ಬಿಸಿಲಲ್ಲಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ಅಂತ ಹಿಡಿದರೆ, 1,000 ಚದರ ಮೀಟರಿಗೆ, ಅಂದ್ರೆ ಸುಮಾರು ಕಾಲು ಎಕರೆಗೆ, ದಿನಕ್ಕೆ 5,000 ಲೀಟರ್ ಬೇಕು. 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರನ್ನ ತೋಟಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನಿಮಗೂ ನೆನಪಿರಬೇಕು. ಹಾಗಾಗಿ ಎಸ್‌ಟಿಪಿಯಲ್ಲಿ, ಅಂದ್ರೆ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧ ಮಾಡೋ ಘಟಕದಲ್ಲಿ, ಸಂಸ್ಕರಿಸಿದ ನೀರನ್ನೇ ನೆಚ್ಚಿಕೊಳ್ಳಬೇಕು. ಅದರ ಇತ್ತೀಚಿನ ಲ್ಯಾಬ್ ವರದಿ ಕೇಳಿ ಪಡೀರಿ. ಉಪ್ಪಿನಂಶ ಜಾಸ್ತಿ ಇದ್ದರೆ ಎಲೆಯ ತುದಿ ಸುಡುತ್ತೆ, ಮಣ್ಣು ಗಟ್ಟಿಯಾಗುತ್ತೆ, ಬೈಸಿಕೊಳ್ಳೋದು ಮಾತ್ರ ಮಾಲಿ. ನೀರು ಒದಗಿಸೋದು, ಅದರ ಒತ್ತಡ, ಮೋಟಾರ್ ರಿಪೇರಿ ನಿವಾಸಿಗಳ ಸಂಘದ ಜವಾಬ್ದಾರಿ. ಗಿಡಕ್ಕೆ ನೀರು ಹಾಕೋದು, ಪೈಪ್ ಸೋರಿದರೆ ಅದೇ ದಿನ ತಿಳಿಸೋದು ನಿಮ್ಮ ಜವಾಬ್ದಾರಿ ಅಂತ ಸ್ಪಷ್ಟವಾಗಿ ಬರೀರಿ.

"ಇದರಲ್ಲಿ ಸೇರಿಲ್ಲ" ಅಂತ ಒಂದು ಭಾಗ ಇರಲೇಬೇಕು. ಇದನ್ನ ಬರೆಯೋಕೆ ಹೊಸಬರು ಹಿಂಜರೀತಾರೆ, ಗಿರಾಕಿ ಓಡಿ ಹೋಗ್ತಾರೆ ಅಂತ ಭಯ. ನನ್ನ ಅನುಭವದಲ್ಲಿ ಒಳ್ಳೆ ಸಮಿತಿಯವರು ಮೊದಲು ಓದೋದೇ ಈ ಭಾಗವನ್ನ. ತೆಂಗಿನ ಮರ ಹತ್ತೋದು, ದೊಡ್ಡ ಮರದ ಕೊಂಬೆ ಇಳಿಸೋದು ಪ್ರತ್ಯೇಕ ಕೊಟೇಶನ್. ಮರ ಕಡಿಯೋಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಅದನ್ನ ಪಡೆಯೋದು ಸಂಘದ ಕೆಲಸ. ತರಗೆಲೆ ಸುಡೋ ಹಾಗಿಲ್ಲ, ಒಳಗೇ ಕಾಂಪೋಸ್ಟ್ ಮಾಡೋಕೆ ಜಾಗ ಕೊಡ್ತಾರಾ ಕೇಳಿ; ಕೊಡದಿದ್ದರೆ ಸಾಗಿಸೋ ಖರ್ಚು ಬೇರೆ. ನಿವಾಸಿಗಳು ಮಾಲಿಯನ್ನ ಬಾಲ್ಕನಿ ಕುಂಡಕ್ಕೆ ಮಣ್ಣು ತುಂಬೋಕೆ ಕರೆಯೋದು ಎಲ್ಲ ಕಡೆ ಇದೆ. ಡ್ಯೂಟಿ ಸಮಯದಲ್ಲಿ ಇಲ್ಲ ಅಂತ ಒಂದು ಸಾಲು ಹಾಕಿ, ಆ ಬಡಪಾಯಿ ಇಬ್ಬರ ಮಧ್ಯೆ ಸಿಕ್ಕಿಹಾಕಿಕೊಳ್ಳೋದು ತಪ್ಪುತ್ತೆ.

ಈಗ ರೇಟು. ಪಕ್ಕದ ಅಪಾರ್ಟ್‌ಮೆಂಟಿನ ಚದರಡಿ ರೇಟು ತಂದು ಹಾಕಬೇಡಿ, ಜನರ ಲೆಕ್ಕದಿಂದ ಶುರು ಮಾಡಿ. ಲೆಕ್ಕಕ್ಕೆ ಅಂತ ಒಬ್ಬ ಮಾಲಿಯ ಸಂಬಳ 15,000 ಇಟ್ಟುಕೊಳ್ಳಿ. ನೀವು ಹಾಕೋ ನಿಜವಾದ ಅಂಕಿ ಆ ವರ್ಷದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು. ಕೆಲಸ ಕೊಡೋ ನಿಮ್ಮ ಪಾಲಿನ ಪಿಎಫ್ ಆಡಳಿತ ಶುಲ್ಕ ಸೇರಿ 13%, ಅಂದ್ರೆ 1,950. ಇಎಸ್‌ಐ, ಅಂದ್ರೆ ನೌಕರರ ವಿಮೆ, 3.25%, ಸುಮಾರು 488. ಬೋನಸ್ 8.33%, ಅಂದ್ರೆ 1,250. ಅಲ್ಲಿಗೆ 18,688 ಆಯ್ತು. ವಾರವಿಡೀ ಜನ ಬೇಕು ಅಂದರೆ ವಾರದ ರಜೆಗೆ ಬದಲಿ ಆಳು ಬೇಕು, ಅದಕ್ಕೆ ಆರನೇ ಒಂದು ಭಾಗ ಸೇರಿಸಿ, 21,800ರ ಹತ್ತಿರ ಬರುತ್ತೆ. ಇನ್ನೂ ಪೆಟ್ರೋಲ್, ಬ್ಲೇಡ್, ಗೊಬ್ಬರ, ಮೇಲ್ವಿಚಾರಣೆ, ನಿಮ್ಮ ಲಾಭ ಯಾವುದೂ ಬಂದಿಲ್ಲ. 15,000ಕ್ಕೆ ಒಂದೆರಡು ಸಾವಿರ ಸೇರಿಸಿ ಕೊಟೇಶನ್ ಕೊಟ್ಟವರು ಮೂರೇ ತಿಂಗಳಲ್ಲಿ ಕೈ ಎತ್ತೋದು ಇದಕ್ಕೇ. ಇಲ್ಲವೇ ಮಾಲಿಯ ಸಂಬಳಕ್ಕೆ ಕತ್ತರಿ ಬೀಳುತ್ತೆ, ಅದು ಅನ್ಯಾಯ. ಪಿಎಫ್ ಕಡ್ಡಾಯ ಆಗೋದು 20 ಜನ ಇದ್ದಾಗ, ಇಎಸ್‌ಐ 10 ಜನ ಇದ್ದಾಗ. ಆದರೆ ಗುತ್ತಿಗೆದಾರ ಕಟ್ಟಬೇಕಾದ್ದು ಕಟ್ಟದಿದ್ದರೆ ಸಂಘದ ತಲೆಗೂ ಬರುತ್ತೆ, ಅದಕ್ಕೇ ಅವರು ಕಟ್ಟಿದ್ದಕ್ಕೆ ಚಲನ್ ಕೇಳ್ತಾರೆ.

ಗೊಬ್ಬರದ ಲೆಕ್ಕವನ್ನೂ ಅಂದಾಜಲ್ಲಿ ಹಾಕಬೇಡಿ. ಅದೇ 1,000 ಚದರ ಮೀಟರ್ ಹುಲ್ಲಿಗೆ 5 ಮಿಲಿಮೀಟರ್ ಪದರ ಹಾಕೋಕೆ 5 ಘನ ಮೀಟರ್ ಗೊಬ್ಬರ, ಮಣ್ಣು ಬೇಕು. ಗೊಬ್ಬರ, ಔಷಧಿಗೆ ಬೇರೆ ಸಾಲು ಮಾಡಿ. ಜಿಎಸ್‌ಟಿ ನೋಂದಣಿ ಇದ್ದರೆ 18% ಬೇರೆಯಾಗಿ ತೋರಿಸಿ, ಕೆಳಗೆ ಒಟ್ಟು ಮೊತ್ತವನ್ನೂ ಬರೀರಿ. ಏಪ್ರಿಲಲ್ಲಿ ತುಟ್ಟಿಭತ್ಯೆ ಬದಲಾದಾಗ ಕಾರ್ಮಿಕರ ವೆಚ್ಚದ ಸಾಲು ಅಷ್ಟೇ ಪರಿಷ್ಕರಣೆ ಆಗುತ್ತೆ ಅನ್ನೋ ಷರತ್ತು ಮರೀಬೇಡಿ. ಎರಡೂ ಕಡೆಯಿಂದ ಒಂದು ತಿಂಗಳ ನೋಟಿಸ್ ಇರಲಿ.

ಮೇಲ್ ಮಾಡಿ ಸುಮ್ಮನೆ ಕೂರಬೇಡಿ, ಸಮಿತಿಯವರ ಜೊತೆ ಒಂದು ಭಾನುವಾರ ಬೆಳಿಗ್ಗೆ ಪ್ರಪೋಸಲ್ ಕೈಯಲ್ಲಿ ಹಿಡಿದು ತೋಟ ಸುತ್ತಿ. "ಸ್ವಲ್ಪ ಕಮ್ಮಿ ಮಾಡಿ" ಅಂತ ಖಂಡಿತ ಕೇಳ್ತಾರೆ. ಆಗ ರೇಟು ಇಳಿಸಬೇಡಿ, ಕೆಲಸ ಇಳಿಸಿ ತೋರಿಸಿ: ಭಾನುವಾರದ ಬದಲಿ ಆಳು ಬೇಡ ಅಂದರೆ ಇಷ್ಟು ಉಳಿಯುತ್ತೆ, ಹಿಂದಿನ ಗೋಡೆ ಪಕ್ಕ ಯಾರೂ ಓಡಾಡದ ಕಡೆ ಹುಲ್ಲು ತೆಗೆದು ನೆಲ ಮುಚ್ಚೋ ವೆಡೆಲಿಯಾ ಹಾಕಿದರೆ ಕಟಾವು ಇಷ್ಟು ಕಡಿಮೆ ಆಗುತ್ತೆ ಅಂತ. ಅವರು ಏನನ್ನ ಬಿಟ್ಟರು ಅನ್ನೋದನ್ನ ಅದೇ ಹಾಳೆಯಲ್ಲಿ ಗುರುತು ಮಾಡಿ, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಎಸ್ಟೇಟ್ ಮ್ಯಾನೇಜರ್ ಫೈಲಿಗೆ ಕೊಡಿ.