ಕಾಫಿ ತೋಟದ ಜಿಪಿಎಸ್ ಕೇಳುತ್ತಿರುವ ‘ಯುರೋಪಿನವರು’ ಯಾರು? ಐರೋಪ್ಯ ಒಕ್ಕೂಟದಲ್ಲಿ ಕಾನೂನು ಮಾಡುವವರು ಯಾರು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸಕಲೇಶಪುರದ ಹತ್ತಿರ ನಿಮ್ಮ ಮಾವನವರ ಕಾಫಿ ತೋಟ ಇದೆ. ಕಾಫಿ ಕೊಳ್ಳುವ ವ್ಯಾಪಾರಿ ಬಂದು, ತೋಟದ ಜಿಪಿಎಸ್ ಪಾಯಿಂಟ್ ಕೊಡಿ, ಯುರೋಪಿನವರು ಕೇಳ್ತಿದ್ದಾರೆ ಅಂದಿದ್ದಾರೆ. ಆ ಯುರೋಪಿನವರು ಅಂದರೆ ಯಾರು, ಒಬ್ಬ ಪ್ರಧಾನಿಯೂ ಇಲ್ಲದ ಕಡೆ ಇಂಥ ಕಾನೂನನ್ನು ಯಾರು ಮಾಡುತ್ತಾರೆ ಅಂತ ಕೇಳಿದ್ದೀರಿ.

ನಾನು ಕಾಫಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಈ ಕಾನೂನು ಇನ್ನೂ ಮಸೂದೆಯಾಗಿದ್ದಾಗಿನಿಂದ ಇದರ ಬೆನ್ನು ಹತ್ತಿದ್ದೇನೆ. ಸಂಸ್ಥೆಗಳ ಹೆಸರನ್ನು ಸುಮ್ನೆ ಪಟ್ಟಿ ಮಾಡಿದರೆ ಯಾರ ತಲೆಗೂ ಹೋಗಲ್ಲ. ಅದಕ್ಕೆ ಇದೇ ಕಾನೂನನ್ನು ಹಿಡಿದುಕೊಂಡು ಹೇಳುತ್ತೇನೆ.

ನೇರ ಉತ್ತರ ಬೇಕಿದ್ದರೆ ಇಷ್ಟು: ಇದನ್ನು ಪಾಸು ಮಾಡಿದ್ದು ಐರೋಪ್ಯ ಒಕ್ಕೂಟದ 27 ದೇಶಗಳ ಮಂತ್ರಿಗಳು ಮತ್ತು ಆ ದೇಶಗಳ ಜನ ಆರಿಸಿ ಕಳಿಸಿದ ಪಾರ್ಲಿಮೆಂಟ್, ಎರಡೂ ಸೇರಿ. ‘ಬ್ರಸೆಲ್ಸ್ ಅಧಿಕಾರಿಗಳು ಹೇರಿದ್ದು’ (ಒಕ್ಕೂಟದ ಕಚೇರಿಗಳಿರುವ ಊರು ಬ್ರಸೆಲ್ಸ್) ಅನ್ನುವ ಮಾತನ್ನು ಯುರೋಪಿನ ರಾಜಕಾರಣಿಗಳೇ ಜಾಸ್ತಿ ಆಡುತ್ತಾರೆ. ಅದು ಸರಿಯಲ್ಲ. ಅಲ್ಲಿ ಮತ ಹಾಕಿ ಬಂದವರು ಅವರದ್ದೇ ಸರ್ಕಾರದ ಮಂತ್ರಿಗಳು.

ಈಗ ಕಾನೂನಿನ ವಿಷಯ. ಇದು ಕಾಡು ನಾಶ ತಡೆಯಲು ಒಕ್ಕೂಟ ಮಾಡಿದ ಕಾನೂನು, ನಮ್ಮ ಕಡೆ ಇದಕ್ಕೆ ಇಯುಡಿಆರ್ ಅಂತಲೇ ಹೆಸರು. ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರ, ದನ, ಈ ಏಳು ಮತ್ತು ಇವುಗಳಿಂದ ತಯಾರಾದ ಹಲವು ವಸ್ತುಗಳು ಇದರೊಳಗೆ ಬರುತ್ತವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದನ್ನು ಒಕ್ಕೂಟದೊಳಗೆ ಮಾರುವಂತಿಲ್ಲ. ಬೆಳೆದ ಜಾಗ ಯಾವುದು ಅಂತ ತೋರಿಸಬೇಕು. ಅದಕ್ಕೇ ಜಿಪಿಎಸ್.

2020ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಇಂಥ ಕಾನೂನು ಬೇಕು ಅಂತ ಒಂದು ನಿರ್ಣಯ ಮಾಡಿತು. ಬರೀ ನಿರ್ಣಯ, ಮಸೂದೆ ಅಲ್ಲ. ಆ ಪಾರ್ಲಿಮೆಂಟ್‌ಗೆ ತಾನೇ ಮಸೂದೆ ಮಂಡಿಸುವ ಅಧಿಕಾರ ಇಲ್ಲ! ನಮಗೆ ವಿಚಿತ್ರ ಅನಿಸುತ್ತೆ, ಅಲ್ವಾ? ಕೆಲವೇ ವಿಷಯ ಬಿಟ್ಟರೆ, ಮಸೂದೆ ಬರೆದು ಮುಂದಿಡುವ ಹಕ್ಕು ಯುರೋಪಿಯನ್ ಕಮಿಷನ್‌ಗೆ ಮಾತ್ರ.

ಕಮಿಷನ್‌ನಲ್ಲಿ ದೇಶಕ್ಕೆ ಒಬ್ಬರಂತೆ 27 ಕಮಿಷನರ್‌ಗಳು. ಒಬ್ಬರಿಗೆ ಕೃಷಿ, ಒಬ್ಬರಿಗೆ ವ್ಯಾಪಾರ, ಒಬ್ಬರಿಗೆ ಪರಿಸರ, ಹೀಗೆ ಖಾತೆಗಳು. ಅಧ್ಯಕ್ಷರು 2019ರಿಂದ ಜರ್ಮನಿಯ ಉರ್ಸುಲಾ ಫಾನ್ ಡೆರ್ ಲೇಯೆನ್. ಇವರನ್ನು ಜನ ನೇರವಾಗಿ ಆರಿಸಿಲ್ಲ ಅನ್ನುವ ದೂರು ನಿಜ. ಆದರೆ ಅಷ್ಟಕ್ಕೇ ಮಾತು ನಿಲ್ಲಿಸಬಾರದು. 27 ದೇಶಗಳ ನಾಯಕರು ಹೆಸರು ಸೂಚಿಸುತ್ತಾರೆ, ಪಾರ್ಲಿಮೆಂಟ್ ಬಹುಮತದಿಂದ ಆರಿಸಬೇಕು. 2019ರಲ್ಲಿ ಅವರಿಗೆ ಬೇಕಿದ್ದದ್ದು 374 ಮತ, ಸಿಕ್ಕಿದ್ದು 383. ಬೇರೆ ಕಮಿಷನರ್‌ಗಳೂ ಪಾರ್ಲಿಮೆಂಟ್ ಸಮಿತಿಗಳ ಮುಂದೆ ಗಂಟೆಗಟ್ಟಲೆ ಪ್ರಶ್ನೆಗೆ ಉತ್ತರಿಸಬೇಕು. ಅದೇ ವರ್ಷ ಫ್ರಾನ್ಸ್ ಕಳಿಸಿದ ಸಿಲ್ವಿ ಗುಲಾರ್ ಅವರನ್ನು ಪಾರ್ಲಿಮೆಂಟ್ ಒಪ್ಪಲಿಲ್ಲ. ಫ್ರಾನ್ಸ್ ಅಧ್ಯಕ್ಷ ಮಕ್ರೋನ್ ಬೇರೆಯವರನ್ನು ಕಳಿಸಬೇಕಾಯಿತು.

ಕಮಿಷನ್ 2021ರ ನವೆಂಬರ್‌ನಲ್ಲಿ ಕಾಡು ಕಾನೂನಿನ ಮಸೂದೆ ಇಟ್ಟಿತು. ಅಲ್ಲಿಂದ ಅದು ಒಂದೇ ಸಲಕ್ಕೆ ಎರಡು ಕಡೆ ಹೋಗುತ್ತದೆ. ಒಂದು ಪಾರ್ಲಿಮೆಂಟ್, ಇನ್ನೊಂದು ಮಂತ್ರಿಗಳ ಕೌನ್ಸಿಲ್. ಎರಡೂ ತಮ್ಮ ತಮ್ಮ ತಿದ್ದುಪಡಿ ಮಾಡಿಕೊಂಡು ಬಂದು, ಕಮಿಷನ್ ಜೊತೆ ಒಂದೇ ಟೇಬಲ್ಲಿಗೆ ಕೂರುತ್ತವೆ. ಇದಕ್ಕೆ ಟ್ರೈಲಾಗ್ ಅಂತಾರೆ. ನಿಜವಾದ ಚೌಕಾಸಿ ನಡೆಯುವುದು ಇಲ್ಲಿ, ಮುಚ್ಚಿದ ಬಾಗಿಲ ಹಿಂದೆ. ಈ ಒಂದು ವಿಷಯಕ್ಕೆ ನನಗೆ ಈ ವ್ಯವಸ್ಥೆಯ ಮೇಲೆ ಬೇಸರ ಇದೆ. ಅಷ್ಟೊಂದು ದೇಶಗಳ ರೈತರ ಬದುಕಿಗೆ ತಾಗುವ ಮಾತು ಜನರ ಕಣ್ಣೆದುರು ನಡೆಯಬೇಕಿತ್ತು.

2022ರ ಡಿಸೆಂಬರ್ 6ಕ್ಕೆ ಮೂವರೂ ಒಪ್ಪಂದಕ್ಕೆ ಬಂದರು. 2023ರ ಏಪ್ರಿಲ್ 19ರಂದು ಪಾರ್ಲಿಮೆಂಟಿನಲ್ಲಿ 552 ಮತ ಪರ, 44 ವಿರುದ್ಧ. ಮೇ ತಿಂಗಳಲ್ಲಿ ಮಂತ್ರಿಗಳ ಕೌನ್ಸಿಲ್ ಕೂಡ ಒಪ್ಪಿತು. ಆಮೇಲೆಯೇ ಅದು ಕಾನೂನು.

ಈ ಮಂತ್ರಿಗಳ ಕೌನ್ಸಿಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ನನ್ನ ಪ್ರಕಾರ ಹೆಚ್ಚು ಶಕ್ತಿ ಇರುವುದು ಇಲ್ಲೇ. ಇದಕ್ಕೆ ಕಾಯಂ ಸದಸ್ಯರು ಅಂತ ಯಾರೂ ಇಲ್ಲ. ಕೃಷಿ ವಿಷಯ ಬಂದರೆ 27 ದೇಶಗಳ ಕೃಷಿ ಮಂತ್ರಿಗಳು ಬರುತ್ತಾರೆ, ಹಣಕಾಸು ಅಂದರೆ ಹಣಕಾಸು ಮಂತ್ರಿಗಳು. ನಮ್ಮ ಜಿಎಸ್‌ಟಿ ಕೌನ್ಸಿಲ್ ನೆನಪು ಮಾಡಿಕೊಳ್ಳಿ. ಅಲ್ಲಿ ರಾಜ್ಯಗಳ ಮಂತ್ರಿಗಳ ಜೊತೆ ಕೇಂದ್ರವೂ ಕೂರುತ್ತದೆ, ಕೇಂದ್ರಕ್ಕೆ ಮೂರನೇ ಒಂದರಷ್ಟು ಮತದ ತೂಕ. ತೀರ್ಮಾನಕ್ಕೆ ಮುಕ್ಕಾಲು ಪಾಲು ಬೇಕಾದ್ದರಿಂದ ಕೇಂದ್ರ ಬೇಡ ಅಂದರೆ ಏನೂ ಆಗಲ್ಲ. ಯುರೋಪಿನ ಮೇಜಿನಲ್ಲಿ ಅಂಥ ಕೇಂದ್ರವೇ ಇಲ್ಲ. ಕಮಿಷನ್‌ನವರು ಬಂದು ಕೂತಿರುತ್ತಾರೆ, ಮಾತಾಡುತ್ತಾರೆ, ಮತ ಮಾತ್ರ ಇಲ್ಲ.

ಹೆಚ್ಚಿನ ಕಾನೂನುಗಳಿಗೆ ಎರಡು ಲೆಕ್ಕ ಕೂಡಿ ಬರಬೇಕು. ಕನಿಷ್ಠ 15 ದೇಶಗಳು ಒಪ್ಪಬೇಕು, ಮತ್ತು ಒಪ್ಪಿದ ದೇಶಗಳಲ್ಲಿ ಒಕ್ಕೂಟದ ಜನಸಂಖ್ಯೆಯ ಶೇ 65 ಇರಬೇಕು. ಇದು ಎಷ್ಟು ಬಿಗಿ ಅಂತ 2024ರ ಜೂನ್ 17ರಂದು ಲಕ್ಸೆಂಬರ್ಗ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ಆವತ್ತು ಪರಿಸರ ಮಂತ್ರಿಗಳ ಮುಂದೆ ಇದ್ದದ್ದು ಹಾಳಾದ ನೆಲ, ಜೌಗು, ಕಾಡುಗಳನ್ನು ಮತ್ತೆ ಸರಿಪಡಿಸುವ ಇನ್ನೊಂದು ಕಾನೂನು. ಮಾರ್ಚ್‌ನಲ್ಲೇ ಪಾಸಾಗಬೇಕಿತ್ತು, ಕೊನೆ ಗಳಿಗೆಯಲ್ಲಿ ಹಂಗೆರಿ ಹಿಂದೆ ಸರಿದು ನಿಂತುಹೋಗಿತ್ತು. ಆಸ್ಟ್ರಿಯಾದ ಆಗಿನ ಪರಿಸರ ಮಂತ್ರಿ ಲಿಯೊನೋರ ಗೆವೆಸ್ಲರ್ ಹಸಿರು ಪಕ್ಷದವರು. ಅವರ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಕಾರ್ಲ್ ನೆಹಾಮರ್ ಬೇರೆ ಪಕ್ಷ, ಪರವಾಗಿ ಮತ ಹಾಕಬೇಡಿ ಅಂತ ಹೇಳಿದ್ದರು. ಆಕೆ ಪರವಾಗಿಯೇ ಮತ ಹಾಕಿದರು. ಲೆಕ್ಕ ಬಂತು: 20 ದೇಶ, ಜನಸಂಖ್ಯೆಯ ಶೇ 66.07. ಆಸ್ಟ್ರಿಯಾದ ಪಾಲು ಸುಮಾರು ಶೇ 2. ಆಕೆ ಸುಮ್ಮನಿದ್ದಿದ್ದರೆ ಕಾನೂನು ಬಿದ್ದುಹೋಗುತ್ತಿತ್ತು. 45 ಕೋಟಿ ಜನರ ಒಕ್ಕೂಟದ ತೀರ್ಮಾನ 90 ಲಕ್ಷ ಜನರ ದೇಶದ ಒಬ್ಬ ಮಂತ್ರಿಯ ಮೇಲೆ ನಿಂತಿತ್ತು. ನಾನು ಇದನ್ನು ದೋಷ ಅನ್ನಲಾರೆ. ಚಿಕ್ಕ ದೇಶದ ಮಾತಿಗೂ ಬೆಲೆ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಆದರೆ ತೆರಿಗೆ, ವಿದೇಶಾಂಗ ನೀತಿ, ಹೊಸ ದೇಶವನ್ನು ಸೇರಿಸಿಕೊಳ್ಳುವುದು, ಇಂಥವಕ್ಕೆ 27ಕ್ಕೆ 27 ದೇಶಗಳೂ ಒಪ್ಪಬೇಕು. ಒಬ್ಬರು ಬೇಡ ಅಂದರೆ ಮುಗಿಯಿತು. ಇದು ನನಗೆ ಹಿಡಿಸುವುದಿಲ್ಲ. ಇಲ್ಲಿ ಬರುವುದೇ ಯುರೋಪಿಯನ್ ಕೌನ್ಸಿಲ್, ಅಂದರೆ ಪ್ರಧಾನಿ, ಅಧ್ಯಕ್ಷರ ಕೂಟ. ಹೆಸರಿನಲ್ಲಿ ಕೌನ್ಸಿಲ್ ಇದ್ದರೂ ಮಂತ್ರಿಗಳ ಕೌನ್ಸಿಲ್ ಬೇರೆ, ಇದು ಬೇರೆ. ಇವರು ಕಾನೂನು ಪಾಸು ಮಾಡುವುದಿಲ್ಲ, ಯಾವ ದಾರಿಯಲ್ಲಿ ಹೋಗಬೇಕು ಅಂತ ತೀರ್ಮಾನಿಸುತ್ತಾರೆ. 2023ರ ಡಿಸೆಂಬರ್ 14ರಂದು ಉಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಶುರು ಮಾಡುವ ಪ್ರಶ್ನೆ ಬಂತು. ಹಂಗೆರಿಯ ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಒಪ್ಪುತ್ತಿರಲಿಲ್ಲ. ಹೊರಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ ಅಂತ ಜರ್ಮನಿಯ ಆಗಿನ ಚಾನ್ಸಲರ್ ಓಲಾಫ್ ಶೋಲ್ಜ್ ಸೂಚಿಸಿದರು. ಓರ್ಬಾನ್ ಎದ್ದು ಹೋದರು, ಬೇಡ ಅನ್ನುವವರು ಯಾರೂ ಇಲ್ಲದ್ದರಿಂದ ಒಳಗಿದ್ದ 26 ಮಂದಿ ತೀರ್ಮಾನ ಮಾಡಿದರು. ಒಂದು ದೇಶದ ಭವಿಷ್ಯ ಹೀಗೆ ಉಪಾಯದ ಮೇಲೆ ನಿಲ್ಲಬಾರದು.

ಈ ಕೂಟದ ಅಧ್ಯಕ್ಷರು 2024ರ ಡಿಸೆಂಬರ್‌ನಿಂದ ಪೋರ್ಚುಗಲ್‌ನ ಅಂತೋನಿಯೊ ಕೋಸ್ಟ. ಅವರ ತಂದೆಯ ಮನೆತನ ನಮ್ಮ ಪಕ್ಕದ ಗೋವಾದ್ದು.

ಒಕ್ಕೂಟದ ನ್ಯಾಯಾಲಯ ಲಕ್ಸೆಂಬರ್ಗ್‌ನಲ್ಲಿದೆ. ಒಕ್ಕೂಟಕ್ಕೆ ಸ್ವಂತ ಪೊಲೀಸ್ ಪಡೆ ಇಲ್ಲ, ಹಾಗಾಗಿ ದೇಶಗಳು ಕಾನೂನು ಪಾಲಿಸುವಂತೆ ಮಾಡಲು ಇದೇ ಅದರ ಹಲ್ಲು. ಆಶ್ರಯ ಕೇಳಿ ಬಂದವರ ವಿಷಯದಲ್ಲಿ ತೀರ್ಪು ಪಾಲಿಸದ ಹಂಗೆರಿಗೆ 2024ರ ಜೂನ್‌ನಲ್ಲಿ 20 ಕೋಟಿ ಯೂರೋ ದಂಡ, ಪಾಲಿಸುವವರೆಗೆ ದಿನಕ್ಕೆ 10 ಲಕ್ಷ ಯೂರೋ ಬೇರೆ.

ಮತ್ತೆ ನಿಮ್ಮ ಮಾವನವರ ತೋಟಕ್ಕೆ ಬರೋಣ. ಕಾನೂನು ಪಾಸಾದ ಮೇಲೂ ಕಮಿಷನ್ ಕೈಲಿ ಕೆಲಸ ಉಳಿದಿರುತ್ತದೆ. ಯಾವ ದೇಶದಲ್ಲಿ ಕಾಡು ನಾಶದ ಅಪಾಯ ಎಷ್ಟು ಅಂತ 2025ರ ಮೇ ತಿಂಗಳಲ್ಲಿ ಅದು ಪಟ್ಟಿ ಮಾಡಿತು. ಭಾರತ ಕಡಿಮೆ ಅಪಾಯದ ಪಟ್ಟಿಯಲ್ಲಿದೆ. ಹಾಗಂತ ಜಿಪಿಎಸ್ ತಪ್ಪಲಿಲ್ಲ, ಕೊಳ್ಳುವವರ ತಪಾಸಣೆ ಹಗುರವಾಯಿತು ಅಷ್ಟೆ.

ದಿನಾಂಕದ ಕಥೆ ನೋಡಿದರೆ ಯಾರ ಕೈಲಿ ಏನಿದೆ ಅಂತ ಇನ್ನೂ ಸ್ಪಷ್ಟವಾಗುತ್ತೆ. 2024ರ ಡಿಸೆಂಬರ್ 30ಕ್ಕೆ ಜಾರಿಯಾಗಬೇಕಿತ್ತು, ಒಂದು ವರ್ಷ ಮುಂದೆ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಕಮಿಷನ್, ದೊಡ್ಡ ಕಂಪನಿಗಳಿಗೆ ಹಳೇ ದಿನಾಂಕವೇ ಇರಲಿ, ಆರು ತಿಂಗಳು ದಂಡ ಹಾಕುವುದು ಬೇಡ ಅಂತ ಪ್ರಸ್ತಾಪ ಇಟ್ಟಿತು. ಮಂತ್ರಿಗಳೂ ಪಾರ್ಲಿಮೆಂಟೂ ಅದನ್ನು ಬದಿಗಿಟ್ಟು ಎಲ್ಲರಿಗೂ ಗಡುವು ಮುಂದೆ ಹಾಕಿದರು. ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30 ಅಂತಾಯಿತು. ಮಸೂದೆ ಬರೆದದ್ದು ಕಮಿಷನ್, ಕೊನೆಯ ಮಾತು ಅದರದ್ದಲ್ಲ.

ಈ ದಿನಾಂಕಗಳು ಯುರೋಪಿನಲ್ಲಿ ಮಾಲು ಇಳಿಸಿಕೊಳ್ಳುವ ಕಂಪನಿಗಳಿಗೆ ಸೇರಿದ್ದು. ಬೆಳೆಗಾರರಿಂದ ಅವರು ಮೊದಲೇ ಕೇಳುತ್ತಾರೆ, ಯಾಕಂದರೆ ಕೊಯ್ಲಾದ ಕಾಫಿ ಕ್ಯೂರಿಂಗ್ ಮುಗಿಸಿ ಹಡಗು ಹತ್ತಲು ತಿಂಗಳುಗಳೇ ಬೇಕು. ಒಂದು ಜಾಗ 4 ಹೆಕ್ಟೇರ್‌ವರೆಗೆ, ಅಂದರೆ ಸುಮಾರು 10 ಎಕರೆವರೆಗೆ ಇದ್ದರೆ ಒಂದೇ ಪಾಯಿಂಟ್ ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲ ಗಡಿಯನ್ನೇ ಗುರುತು ಮಾಡಿ ಕೊಡಬೇಕು. ತೆಗೆದದ್ದನ್ನು ಪಹಣಿಯ ಜೊತೆಗೇ ಇಟ್ಟುಕೊಳ್ಳಲು ಹೇಳಿ. ಮುಂದೆ ‘ಯುರೋಪ್ ನಿಯಮ ಸಡಿಲಿಸಿತು’ ಅಂತ ವಾಟ್ಸಾಪಿನಲ್ಲಿ ಬಂದರೆ, ಅದು ಕಮಿಷನ್ನಿನ ಪ್ರಸ್ತಾಪ ಮಾತ್ರವೋ, ಪಾರ್ಲಿಮೆಂಟ್ ಮತ್ತು ಮಂತ್ರಿಗಳು ಇಬ್ಬರೂ ಒಪ್ಪಿ ಆಗಿದೆಯೋ ನೋಡಿ. ಬರೀ ಪ್ರಸ್ತಾಪ ಆಗಿದ್ದರೆ ವ್ಯಾಪಾರಿ ಕೇಳಿದ ಜಿಪಿಎಸ್ ಇನ್ನೂ ಕೊಡಬೇಕು.